ಷೆಡ್ಡಿನ ನೆಲಕ್ಕೆ ವಿಂಚು ಕೂರಿಸುವ ಬಗೆ

ಜೂಜುವಾಡಿ ಹೆದ್ದಾರಿಯ ಪಕ್ಕದ ಗಡಿಯ ಊರು. ಉತ್ತರಕ್ಕೆ ಅತ್ತಿಬೆಲೆ, ದಕ್ಷಿಣಕ್ಕೆ ಹೊಸೂರು. ೧೯೭೧ರಲ್ಲಿ ಹುಟ್ಟಿದ ಸಿಪ್ಕಾಟ್ ಸಂಸ್ಥೆ ಹೊಸೂರಿನಲ್ಲಿ ಕೈಗಾರಿಕಾ ವಸಾಹತು ಕಟ್ಟಿದ ಮೇಲೆ ಇಲ್ಲಿನ ಎಷ್ಟೋ ಹೊಲಗಳಲ್ಲಿ ರಾಗಿಯ ಬದಲು ಕಾರ್ಖಾನೆಗಳು ಎದ್ದವು; ೨೦೧೯ರಲ್ಲಿ ಹೊಸೂರು ಮಹಾನಗರಪಾಲಿಕೆಯೂ ಆಯಿತು. ಆದರೂ ಸುತ್ತಿನ ಹಳ್ಳಿಗಳಲ್ಲಿ ಬೇಸಾಯ ನಿಂತಿಲ್ಲ. ಎತ್ತಿನ ಕೊಟ್ಟಿಗೆ ಇದ್ದೆಡೆ ಈಗ ಟ್ರಾಕ್ಟರಿನ ಷೆಡ್ಡು ಇದೆ, ಅಷ್ಟೆ.

ಎತ್ತು ಕಾಯಿಲೆ ಬಿದ್ದರೂ ತನ್ನ ಕಾಲಿನ ಮೇಲೆ ತಾನೇ ಕೊಟ್ಟಿಗೆಗೆ ಬರುತ್ತಿತ್ತು. ಕೆಟ್ಟು ನಿಂತ ಟ್ರಾಕ್ಟರು ಹಾಗೆ ಬರುವುದಿಲ್ಲ. ಮಳೆ ಬರುವ ಹೊತ್ತಿನಲ್ಲಿ ಬೀದಿಯ ನಾಲ್ಕು ಜನ ಹೆಗಲು ಕೊಟ್ಟು, ಷೆಡ್ಡಿನ ಇಳಿಜಾರಿನ ಮೇಲೆ ಅದನ್ನು ನೂಕುವುದನ್ನು ನಾವೆಲ್ಲ ಕಂಡವರೇ. ಒಬ್ಬನ ಕಾಲು ಜಾರಿದರೆ ಎರಡು ಟನ್ನಿನ ಬಂಡಿ ಹಿಂದಕ್ಕೆ ಉರುಳುತ್ತದೆ. ಆದುದರಿಂದ ಷೆಡ್ಡಿನ ಒಳಗೆ ಒಂದು ವಿಂಚು, ಎಂದರೆ ತಂತಿಹಗ್ಗವನ್ನು ಸುತ್ತಿ ಎಳೆಯುವ ರಾಟೆ, ಇದ್ದರೆ ಮೇಲೆಂದು ಹಲವರು ಯೋಚಿಸುತ್ತಿದ್ದಾರೆ. ಯೋಚನೆ ಒಳ್ಳೆಯದೇ. ಆದರೆ ವಿಂಚನ್ನು ಕೊಳ್ಳುವುದು ಸುಲಭ, ಕೂರಿಸುವುದು ಕಷ್ಟ. ಡಬ್ಬಿಯೊಳಗಿನ ಸೂಚನೆ ಕನ್ನಡದಲ್ಲಿ ಇರುವುದು ಅಪರೂಪವಾದ ಕಾರಣ ಆ ಕೆಲಸದ ಬಗೆಯನ್ನು ಇಲ್ಲಿ ಬರೆದಿದ್ದೇವೆ.

ನಮ್ಮ ಹಿರಿಯರಿಗೆ ಇದು ಹೊಸ ವಿದ್ಯೆಯಲ್ಲ. ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಜೋಡಿ ಎತ್ತು ಎಳೆಯುವ ಬಲವೆಲ್ಲ ಬಾವಿಯ ಬಾಯಿಯಲ್ಲಿದ್ದ ಕಂಬಗಳ ಮೇಲೆಯೇ ಬೀಳುತ್ತಿತ್ತು. ಅದಕ್ಕೆಂದೇ ಆ ಕಂಬಗಳನ್ನು ಆಳವಾಗಿ ಹೂತು, ಸುತ್ತ ಕಲ್ಲು ಬಡಿದು ಬಿಗಿಮಾಡುತ್ತಿದ್ದರು. ರಾಟೆ ಎಷ್ಟು ಗಟ್ಟಿಯಿದ್ದರೂ ಕಂಬದ ಬುಡ ಸಡಿಲವಾದರೆ ಎತ್ತಿಗೂ ಆಳಿಗೂ ಗಂಡಾಂತರ. ವಿಂಚಿನ ಮಾತೂ ಹಾಗೆಯೇ.

ಮೊದಲು ಎಳೆತದ ಲೆಕ್ಕ

ಎರಡು ಟನ್ ತೂಕದ ಟ್ರಾಕ್ಟರನ್ನು ಎಳೆಯಲು ಎರಡು ಟನ್ ಬಲ ಬೇಕಿಲ್ಲ. ಅದು ಚಕ್ರದ ಮೇಲೆ ಉರುಳುತ್ತದೆ. ಗಟ್ಟಿ ನೆಲದ ಮೇಲೆ ಉರುಳಿಸಲು ತೂಕದ ನೂರಕ್ಕೆ ೫ ಪಾಲು, ಅಂದರೆ ೧೦೦ ಕಿಲೋ ಬಲ ಹಿಡಿಯೋಣ. ಷೆಡ್ಡಿನ ಬಾಗಿಲ ಇಳಿಜಾರು ೮ ಅಡಿಗೆ ೧ ಅಡಿ ಏರುವುದಾದರೆ ತೂಕದ ಎಂಟರಲ್ಲಿ ಒಂದು ಪಾಲು, ೨೫೦ ಕಿಲೋ. ಒಟ್ಟು ೩೫೦. ಟೈರಿನಲ್ಲಿ ಗಾಳಿ ಇಲ್ಲದಿರಬಹುದು, ಚಕ್ರ ಕೆಸರಿನ ಗುಂಡಿಯಲ್ಲಿ ಇರಬಹುದು. ಅದಕ್ಕಾಗಿ ಇದನ್ನು ಎರಡರಷ್ಟು ಮಾಡಿ ೭೦೦ ಕಿಲೋ ಎಂದು ಇಟ್ಟುಕೊಂಡರೆ ಸಾಕು. ಹೀಗಿರಲು ೧ ಟನ್ ಎಳೆಯುವ ವಿಂಚು ಒಂದು ಮನೆಗೆ ಧಾರಾಳವಾಯಿತು.

ದೊಡ್ಡದಿದ್ದರೆ ಒಳ್ಳೆಯದಲ್ಲವೆ ಎಂದು ಕೆಲವರು ಜೀಪಿಗೆ ಹಾಕುವ ೪ ಟನ್ನಿನ ವಿಂಚನ್ನು ತರುವುದುಂಟು. ಇಲ್ಲಿಯೇ ಎಚ್ಚರ ಬೇಕು. ಚಕ್ರ ಕಲ್ಲಿಗೆ ಸಿಕ್ಕಿಕೊಂಡಿತೆನ್ನಿ. ವಿಂಚಿಗೆ ಅದು ತಿಳಿಯುವುದೆ? ತನ್ನ ಶಕ್ತಿ ಇರುವಷ್ಟೂ ಎಳೆಯುತ್ತದೆ. ಆಗ ಸೋಲುವುದು ನೆಲ. ಆದುದರಿಂದ ನೆಲಕ್ಕೆ ಹಾಕುವ ಬೋಲ್ಟುಗಳು ಟ್ರಾಕ್ಟರಿಗೆ ಬೇಕಾದ ಬಲವನ್ನಲ್ಲ, ವಿಂಚು ಎಳೆಯಬಲ್ಲ ಪೂರ್ತಿ ಬಲವನ್ನು ತಡೆಯತಕ್ಕದ್ದು. ದೊಡ್ಡ ವಿಂಚಿಗೆ ದೊಡ್ಡ ಬುಡ ಬೇಕೇಬೇಕು.

ನೆಲದ ಪರೀಕ್ಷೆ

ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಎಷ್ಟೋ ಮನೆಗಳ ನೆಲಕ್ಕೆ ಕಲ್ಲುಚಪ್ಪಡಿ ಹಾಸಿದೆ. ಚಪ್ಪಡಿ ಎಷ್ಟೇ ಗಟ್ಟಿಯಾದರೂ ಅದು ಮಣ್ಣಿನ ಮೇಲೆ ಸುಮ್ಮನೆ ಕೂತ ಹಲಗೆ. ಅದಕ್ಕೆ ವಿಂಚು ಬಿಗಿದರೆ ಚಪ್ಪಡಿಯೇ ಎದ್ದು ಬರುತ್ತದೆ. ಸಿಮೆಂಟು ನೆಲವೆಂದು ಕಾಣುವುದೂ ಒಳಗೆ ಜಲ್ಲಿ ಹೆಚ್ಚು, ಸಿಮೆಂಟು ಕಡಿಮೆ ಇರುವ ತೆಳುವಾದ ಹಾಸು, ಮೇಲೊಂದು ಅಂಗುಲ ನಯಗಾರೆ, ಇಷ್ಟೇ ಆಗಿರಬಹುದು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿರಿ. ಪೊಳ್ಳು ಸದ್ದು ಬಂದರೆ ಅಲ್ಲಿ ಗಾರೆ ಬಿಟ್ಟಿದೆ ಎಂದು ಅರ್ಥ.

ಅನಂತರ ಒಂದು ತೂತು ಕೊರೆದು, ತುದಿ ಬಾಗಿಸಿದ ತಂತಿಯನ್ನು ಇಳಿಸಿ ಕಾಂಕ್ರೀಟಿನ ದಪ್ಪವನ್ನು ಅಳೆಯಬೇಕು. ನೀರಿನ ಕೊಳವೆ, ಕರೆಂಟಿನ ತಂತಿ ಆ ನೆಲದಡಿ ಹೋಗಿಲ್ಲವೆಂಬುದನ್ನು ಮನೆ ಕಟ್ಟಿದವರಲ್ಲಿ ವಿಚಾರಿಸಿಯೇ ಕೊರೆಯತಕ್ಕದ್ದು. ಗಾರೆಯನ್ನು ಬಿಟ್ಟು ೫ ಅಂಗುಲ ಗಟ್ಟಿ ಕಾಂಕ್ರೀಟು ಇದ್ದರೆ ಬೋಲ್ಟು ಹಾಕಬಹುದು. ಕಡಿಮೆಯಿದ್ದರೆ ಗುಂಡಿ ತೋಡುವ ಕ್ರಮವೇ ಕ್ಷೇಮ. ಅದನ್ನು ಮುಂದೆ ಹೇಳುತ್ತೇವೆ.

ಎತ್ತರದ ಮರ್ಮ

ನಿಂತುಕೊಂಡೇ ತಿರುಗಿಸಲು ಅನುಕೂಲವೆಂದು ವಿಂಚನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಏರಿಸಬಾರದು. ಕಾರಣ ಕೇಳಿರಿ. ವಿಂಚಿನ ಹಗ್ಗ ನೆಲದಿಂದ ೪ ಅಂಗುಲ ಎತ್ತರದಲ್ಲಿದೆ, ತಳತಗಡಿನ ಮುಂಬದಿಯ ಅಂಚಿನಿಂದ ಹಿಂಬದಿಯ ಬೋಲ್ಟುಗಳಿಗೆ ೧೨ ಅಂಗುಲ ಇದೆ ಎಂದುಕೊಳ್ಳೋಣ. ೧ ಟನ್ ಎಳೆತಕ್ಕೆ ಹಿಂದಿನ ಎರಡು ಬೋಲ್ಟುಗಳನ್ನು ಮೇಲಕ್ಕೆ ಕೀಳುವ ಬಲ ೧೦೦೦ರ ಮೂರರಲ್ಲಿ ಒಂದು, ಸುಮಾರು ೩೩೩ ಕಿಲೋ. ಅದೇ ಹಗ್ಗ ೧೮ ಅಂಗುಲ ಎತ್ತರಕ್ಕೆ ಏರಿದರೆ ಆ ಬಲ ೧೫೦೦ ಕಿಲೋ ಆಗುತ್ತದೆ. ಟ್ರಾಕ್ಟರೂ ಅದೇ, ಬೋಲ್ಟೂ ಅದೇ. ಎತ್ತರ ಮಾತ್ರ ಬೇರೆ. ಗಿಡವನ್ನು ಬುಡದಲ್ಲಿ ಹಿಡಿದು ಎಳೆದರೆ ಜಗ್ಗುವುದಿಲ್ಲ, ತುದಿಯಲ್ಲಿ ಹಿಡಿದು ಎಳೆದರೆ ಬೇರೇ ಕಿತ್ತು ಬರುತ್ತದೆಯಲ್ಲವೆ? ವಿಂಚು ನೆಲಕ್ಕೆ ಅಂಟಿಕೊಂಡಷ್ಟೂ ಒಳ್ಳೆಯದು.

ಬೋಲ್ಟು ಹಾಕುವ ಕ್ರಮ

ಅರ್ಧ ಅಂಗುಲ ದಪ್ಪದ ಉಕ್ಕಿನ ತಗಡಿಗೆ ವಿಂಚನ್ನು ಬಿಗಿದು, ಆ ತಗಡನ್ನು ನಾಲ್ಕು ೧೨ ಮಿಲಿಮೀಟರ್ ಬೋಲ್ಟುಗಳಿಂದ ನೆಲಕ್ಕೆ ಕೂರಿಸಬೇಕು. ಅಂಗಡಿಯಲ್ಲಿ ಆಂಕರ್ ಬೋಲ್ಟ್ ಎಂದು ಕೇಳಿರಿ. ಇದರಲ್ಲಿ ಎರಡು ಬಗೆ. ಒಂದು, ನಟ್ಟು ಬಿಗಿದಂತೆ ತೂತಿನೊಳಗೆ ಹಿಗ್ಗಿ ಕಚ್ಚುವಂಥದು. ಹೊಸ, ಗಟ್ಟಿ ಕಾಂಕ್ರೀಟಿಗೆ ಇದು ಸರಿ. ಇನ್ನೊಂದು, ರಾಸಾಯನಿಕ ಅಂಟಿನಲ್ಲಿ ಹೂಳುವಂಥದು. ಹಳೆಯ ಕಾಂಕ್ರೀಟನ್ನು ಇದು ಒಳಗಿನಿಂದ ಹಿಗ್ಗಿಸಿ ಸೀಳುವುದಿಲ್ಲ.

ನೆಲದ ಅಂಚಿನಿಂದಲೂ ಬಿರುಕಿನಿಂದಲೂ ಒಂದು ಅಡಿ ದೂರವಿರಲಿ. ತೂತು ನೆಟ್ಟಗೆ, ಕಾಂಕ್ರೀಟಿನೊಳಗೆ ೩ ಅಂಗುಲಕ್ಕಿಂತ ತುಸು ಹೆಚ್ಚು ಆಳವಿರಲಿ. ಆಮೇಲೆ ತೂತಿನ ಧೂಳನ್ನು ಪಂಪಿನಿಂದ ಊದಿ, ಕುಂಚದಿಂದ ಉಜ್ಜಿ, ಮತ್ತೆ ಊದಿ ತೆಗೆಯಬೇಕು. ಇದನ್ನು ಅಸಡ್ಡೆ ಮಾಡುವವರೇ ಹೆಚ್ಚು. ಧೂಳಿಗೆ ಹಿಡಿದ ಅಂಟು ಗೋಡೆಗೆ ಹಿಡಿಯುವುದಿಲ್ಲ. ಹೊರಗೆ ಗಟ್ಟಿಯಾಗಿ ಕಾಣುವ ಬೋಲ್ಟು ಎಳೆದಾಗ ಹಾಗೆಯೇ ಕೈಗೆ ಬರುತ್ತದೆ. ಅಂಟು ಆರುವ ಹೊತ್ತನ್ನು ಅದರ ಪೊಟ್ಟಣದ ಮೇಲೆ ಬರೆದಿರುತ್ತದೆ. ಅಲ್ಲಿಯತನಕ ನಟ್ಟನ್ನು ಮುಟ್ಟಕೂಡದು.

ಗುಂಡಿ ತೋಡುವ ಕ್ರಮ

ನೆಲ ತೆಳುವಾಗಿದ್ದರೆ, ಅಥವಾ ಚಪ್ಪಡಿಯಾಗಿದ್ದರೆ, ಎರಡಡಿ ಉದ್ದ, ಎರಡಡಿ ಅಗಲ ಕತ್ತರಿಸಿ ಎರಡಡಿ ಆಳ ತೋಡಿರಿ. ತಳವನ್ನು ಬಾಯಿಗಿಂತ ತುಸು ಅಗಲ ಮಾಡಿದರೆ ದವಡೆ ಹಲ್ಲಿನ ಬೇರಿನಂತೆ ಅದು ಕಚ್ಚಿಕೊಳ್ಳುತ್ತದೆ. ಒಳಗೆ ೧೨ ಮಿಲಿಮೀಟರ್ ಕಂಬಿಯ ಜಾಲವನ್ನು ಕೆಳಗೊಂದು ಮೇಲೊಂದು ಕಟ್ಟಿ, ತುದಿ ಬಾಗಿದ ೧೬ ಮಿಲಿಮೀಟರ್ ಬೋಲ್ಟುಗಳನ್ನು ಕಂಬಿಯ ಕೆಳಗೆ ಸಿಕ್ಕಿಸಬೇಕು. ತಗಡಿನ ಅಳತೆಗೇ ತೂತು ಮಾಡಿದ ಹಲಗೆಯಲ್ಲಿ ಬೋಲ್ಟುಗಳನ್ನು ಹಿಡಿದಿಟ್ಟರೆ ಕಾಂಕ್ರೀಟು ಸುರಿಯುವಾಗ ಅವು ಓರೆಯಾಗುವುದಿಲ್ಲ. ಸಿಮೆಂಟು ಒಂದು, ಮರಳು ಒಂದೂವರೆ, ಜಲ್ಲಿ ಮೂರು ಪಾಲು ಸೇರಿಸಿ, ನೀರನ್ನು ಹಿಡಿತದಲ್ಲಿಟ್ಟು ಕಲಸಿ, ಚೆನ್ನಾಗಿ ಕುಟ್ಟಿ ತುಂಬಬೇಕು. ಈ ಎಂಟು ಘನ ಅಡಿಯ ಮುದ್ದೆ ಅರ್ಧ ಟನ್ನಿಗೂ ಮೀರಿ ತೂಗುತ್ತದೆ; ಅದಲ್ಲದೆ ಮುಂದಿನ ಮಣ್ಣಿಗೂ ನೆಲಕ್ಕೂ ಒತ್ತಿಕೊಂಡು ನಿಲ್ಲುತ್ತದೆ.

ಮೇಲೆ ಒದ್ದೆ ಗೋಣಿ ಹೊದಿಸಿ ಕನಿಷ್ಠ ಏಳು ದಿನ ನೀರು ಕಾಣಿಸಿರಿ. ಕಾಂಕ್ರೀಟಿನ ಬಲವನ್ನು ಲೆಕ್ಕ ಹಿಡಿಯುವುದು ೨೮ನೆಯ ದಿನಕ್ಕೆ. ಅಲ್ಲಿಯವರೆಗೆ ವಿಂಚಿಗೆ ಕೆಲಸ ಕೊಡಬಾರದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಸಿಮೆಂಟಿನ ಮಟ್ಟಿಗೆ ಅಕ್ಷರಶಃ ನಿಜ.

ಎಳೆಯುವಾಗ

ಹಗ್ಗವನ್ನು ಟ್ರಾಕ್ಟರಿನ ಎಳೆಕೊಕ್ಕೆಗೇ ಹಾಕಬೇಕು; ಸ್ಟೀರಿಂಗಿನ ಸರಳಿಗಾಗಲಿ ಬಂಪರಿಗಾಗಲಿ ಕಟ್ಟಬಾರದು. ಎಳೆತ ನೇರವಾಗಿರಲಿ. ಉರುಳೆಯ ಮೇಲೆ ಐದು ಸುತ್ತಾದರೂ ಹಗ್ಗ ಉಳಿದಿರಲಿ. ಬಲ ಸಾಲದೆ ಟ್ರಾಕ್ಟರಿಗೆ ಒಂದು ರಾಟೆ ಕಟ್ಟಿ, ಹಗ್ಗವನ್ನು ಮರಳಿಸಿ ನೆಲಕ್ಕೆ ಸಿಕ್ಕಿಸುವುದಾದರೆ ಎಳೆತ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಆದರೆ ಹಗ್ಗದ ಆ ಇನ್ನೊಂದು ತುದಿಗೂ ವಿಂಚಿನಷ್ಟೇ ಭದ್ರವಾದ ಬುಡ ಬೇಕು.

ಬಿಗಿದ ತಂತಿಹಗ್ಗ ಕಡಿದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಮೂಳೆ ಮುರಿಯಲು, ಪ್ರಾಣ ಹೋಗಲು ಅದೊಂದು ಏಟು ಸಾಕು. ಹಗ್ಗದ ನಡುವೆ ಒಂದು ಒದ್ದೆ ಗೋಣಿ ಹೊದಿಸಿದರೆ ಆ ಬೀಸು ತಗ್ಗುತ್ತದೆ. ಹಗ್ಗದ ಸಾಲಿನಲ್ಲಿ ಯಾರೂ ನಿಲ್ಲಬಾರದು, ಯಾರೂ ಅದನ್ನು ದಾಟಬಾರದು. ಮಕ್ಕಳು ಷೆಡ್ಡಿನ ಹೊರಗೆ, ಟ್ರಾಕ್ಟರಿನ ಹಿಂದೆಯೂ ಅಲ್ಲ, ದೂರದಲ್ಲಿ ಇರಬೇಕು. ಕೈಗೆ ತೊಗಲಿನ ಗವಸು ಇರಲಿ. ಒಬ್ಬರು ಬದಿಯಲ್ಲಿ ನಡೆಯುತ್ತ ಚಕ್ರದ ಹಿಂದೆ ಮರದ ತುಂಡನ್ನು ಉದ್ದನೆಯ ಕೋಲಿನಿಂದ ಸರಿಸುತ್ತ ಬರಲಿ. ಒಳಗೆ ಬಂದ ಟ್ರಾಕ್ಟರನ್ನು ಬ್ರೇಕು, ಗೇರು, ಮರದ ತುಂಡು ನಿಲ್ಲಿಸಬೇಕೇ ಹೊರತು ವಿಂಚಿನ ಹಗ್ಗವಲ್ಲ. ಎಳೆಯಲೆಂದೇ ಮಾಡಿದ ವಿಂಚಿನಿಂದ ಮನುಷ್ಯರನ್ನಾಗಲಿ, ಮೂಟೆಯನ್ನಾಗಲಿ, ಬಾವಿಯಿಂದ ಪಂಪನ್ನಾಗಲಿ ಮೇಲೆತ್ತಕೂಡದು.

ಆರು ತಿಂಗಳಿಗೊಮ್ಮೆ ನಟ್ಟುಗಳನ್ನು ಬಿಗಿದು ನೋಡಿ, ಹಗ್ಗದಲ್ಲಿ ಎಳೆ ಕಡಿದಿದ್ದರೆ ಬದಲಿಸಿರಿ. ತಗಡಿನ ಸುತ್ತ ಹೊಸ ಬಿರುಕು ಕಂಡ ದಿನವೇ ವಿಂಚಿಗೆ ಬಿಡುವು ಕೊಟ್ಟು ಬುಡವನ್ನು ಮತ್ತೆ ಕಟ್ಟಿಸಿರಿ. ಎರಡು ಚೀಲ ಸಿಮೆಂಟು, ನಾಲ್ಕು ಬೋಲ್ಟು, ಒಂದು ತಿಂಗಳ ತಾಳ್ಮೆ: ಮನೆಯವರ ಕೈಕಾಲಿನ ಮುಂದೆ ಇದೇನೂ ದುಬಾರಿಯಲ್ಲ.