ಮಳೆಯ ಲೆಕ್ಕ, ಷೇರಿನ ಲೆಕ್ಕ

ಆದಿತ್ಯವಾರ ಪೂಜೆ ಬಿಟ್ಟ ಮೇಲೆ ಇಗರ್ಜಿಯ ಅಂಗಳದಲ್ಲಿ ನಮ್ಮವರು ಮಾತನಾಡುತ್ತಿದ್ದ ವಿಷಯಗಳು ಎರಡೇ: ಮಳೆ ಮತ್ತು ಅಡಿಕೆಯ ದರ. ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಒಂದು ಮಳೆಗಾಲದ ಆದಿತ್ಯವಾರ ನಾವು ಕೇಳಿದ ಮಾತುಕತೆ ಹೀಗಿತ್ತು. "ನಿಮ್ಮಲ್ಲಿ ಮಳೆ ಎಷ್ಟು?" ಎಂದು ಹಿರಿಯರೊಬ್ಬರು ಕೇಳಿದರು. "ನಿನ್ನೆ 60 ಮಿಲ್ಲಿಮೀಟರ್" ಎಂದರು ಇನ್ನೊಬ್ಬರು. ಪಕ್ಕದಲ್ಲಿ ಮೊಬೈಲ್ ಹಿಡಿದು ನಿಂತಿದ್ದ ಯುವಕ, "ಶುಕ್ರವಾರ ಬಜಾರು ಬಿದ್ದಿದೆ ಬಾಪ್ಪು, ನಾಳೆ ಏಳಬಹುದು" ಎಂದ. ಹಿರಿಯರಿಗೆ ತಲೆಬುಡ ತಿಳಿಯಲಿಲ್ಲ. "ಯಾವ ಬಜಾರು, ಬದಿಯಡ್ಕದ್ದೋ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾವೂ ನಕ್ಕೆವು.

ಅದು ನಗುವ ವಿಷಯವಲ್ಲವೆಂದು ನಮಗೆ ತಿಳಿದದ್ದು ಆ ಮಳೆಗಾಲ ಮುಗಿಯುವ ಹೊತ್ತಿಗೆ.

ನಮಗೆ ಪರಿಚಯದ ಒಂದು ಮನೆ. ಹೆಸರು ಬೇಡ, ಊರೂ ಬೇಡ. ಬರೆಯಿರಿ ಎಂದು ಹೇಳಿದವರು ಆ ಮನೆಯ ತಾಯಿಯೇ. ಎರಡು ಎಕ್ರೆ ಅಡಿಕೆ, ನಡುವೆ ಕಾಳುಮೆಣಸು, ಗುಡ್ಡದ ಬದಿಯಲ್ಲಿ ಸ್ವಲ್ಪ ಗೇರು. ತಂದೆಗೆ ಮೊಬೈಲಿನಲ್ಲಿ ಹಣ ಕಳುಹಿಸುವ ವಿದ್ಯೆ ಬಾರದ ಕಾರಣ ಬ್ಯಾಂಕಿನ ವ್ಯವಹಾರವೆಲ್ಲ ಬಿಕಾಂ ಓದಿದ ಮಗನ ಕೈಯಲ್ಲಿತ್ತು. ಮೇ ತಿಂಗಳ ಕೊನೆಗೆ ತಂದೆ ಮೈಲುತುತ್ತು ತರಲು ಹಣ ಕೇಳಿದರು. "ನಾಳೆ ತರುತ್ತೇನೆ" ಎಂದ ಮಗ. ಮರುದಿನವೂ ಅದೇ ಮಾತು. ಅಷ್ಟರಲ್ಲಿ ಮಳೆ ಹಿಡಿಯಿತು. ಮದ್ದು ಬಿಡುವವನು ಬೇರೆ ತೋಟಕ್ಕೆ ಹೋದ.

ಅಡಿಕೆ ಬೆಳೆಯುವವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವು ಮಳೆ ಹಿಡಿಯುವ ಮೊದಲೇ ಗೊನೆಗೆ ತಾಗಬೇಕು. ನಲುವತ್ತು, ನಲುವತ್ತೈದು ದಿನ ಕಳೆದು ಎರಡನೆಯ ಸಲ. ಮೊದಲನೆಯದು ತಪ್ಪಿದರೆ ಎರಡನೆಯದರಿಂದ ಪೂರ್ತಿ ಸರಿಹೋಗುವುದಿಲ್ಲ. ಜುಲೈ ತಿಂಗಳಲ್ಲಿ ಆ ತೋಟದೊಳಗೆ ನಡೆದರೆ ಕಾಲಿಗೆ ಸಿಗುತ್ತಿದ್ದದ್ದು ಕೊಳೆತು ಉದುರಿದ ಹಸಿರು ಅಡಿಕೆಗಳೇ. ಆಗ ತಾಯಿ ಮಗನನ್ನು ಕೂರಿಸಿ ಕೇಳಿದರು. ಹೊಸ ಅಡಿಕೆ ಮಾರಿ ಬಂದ ಹಣ ಇರಲಿಲ್ಲ. ಬ್ಯಾಂಕಿನ ಲಾಕರಿನಲ್ಲಿ ಇರಬೇಕಾದ ಅವರ ನಾಲ್ಕು ಬಳೆಗಳು ಅದೇ ಬ್ಯಾಂಕಿನಲ್ಲಿ ಅಡವಿಗೆ ಕೂತಿದ್ದವು. ಎಲ್ಲವೂ ಹೋದದ್ದು ಷೇರು ಪೇಟೆಯ 'ಆಪ್ಷನ್' ಎಂಬ ವ್ಯವಹಾರಕ್ಕೆ, ನಾಲ್ಕೇ ತಿಂಗಳಲ್ಲಿ.

ಮಗ ದಡ್ಡನಲ್ಲ, ದುಂದುಗಾರನೂ ಅಲ್ಲ. ನಾವು ಅವನೊಂದಿಗೆ ಬಹಳ ಹೊತ್ತು ಕೂತು ಮಾತನಾಡಿದೆವು. ಬೆಳಿಗ್ಗೆ ಎಂಟಕ್ಕೆ ಗೆಳೆಯರೊಳಗೆ ಮಾತು ಶುರುವಾಗುತ್ತಿತ್ತಂತೆ: ರಾತ್ರಿ ಅಮೆರಿಕದ ಪೇಟೆ ಏನಾಯಿತು, ರೂಪಾಯಿ ಎಷ್ಟಕ್ಕಿದೆ, ಕಚ್ಚಾ ತೈಲ ಏರಿತೇ, ಮಳೆ ಎಲ್ಲಿಗೆ ಮುಟ್ಟಿತು. ಅವನ ಒಂದು ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. "ಮುಂಬೈಯವರಿಗೆ ಮಳೆ ಎಂದರೆ ರೈಲು ನಿಲ್ಲುವುದು ಮಾತ್ರ. ನಾವು ಕೃಷಿಕರ ಮಕ್ಕಳು. ಮಳೆ ಚೆನ್ನಾದರೆ ದೇಶ ಚೆನ್ನ, ದೇಶ ಚೆನ್ನಾದರೆ ಬಜಾರು ಚೆನ್ನ. ಇದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಮೇಲ್ನೋಟಕ್ಕೆ ಸರಿಯಾದ ಮಾತೇ. ಹಾಗಾಗಿ ನಾವು ಹಳೆಯ ಅಂಕೆಗಳನ್ನು ತೆಗೆದು ನೋಡಿದೆವು. 2008ರಲ್ಲಿ ದೇಶದ ಮುಂಗಾರು ದೀರ್ಘಕಾಲದ ಸರಾಸರಿಯ ನೂರಕ್ಕೆ 98ರಷ್ಟು ಸುರಿಯಿತು. ಕೃಷಿಕನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಆ ವರ್ಷ ಮುಂಬೈಯ ಸೆನ್ಸೆಕ್ಸ್ ಸೂಚ್ಯಂಕ ಅರ್ಧಕ್ಕಿಂತಲೂ ಹೆಚ್ಚು ಬಿತ್ತು. 20 ಸಾವಿರದ ಮೇಲಿದ್ದದ್ದು ಡಿಸೆಂಬರ್ ಕೊನೆಗೆ 9,647. ಮರುವರ್ಷ 2009ರಲ್ಲಿ ಮುಂಗಾರು ಮೇ 23ಕ್ಕೇ ಕೇರಳಕ್ಕೆ ಕಾಲಿಟ್ಟು ಆಸೆ ಹುಟ್ಟಿಸಿ, ಮತ್ತೆ ಕೈಕೊಟ್ಟಿತು. ಒಟ್ಟು ಮಳೆ ಸರಾಸರಿಯ ನೂರಕ್ಕೆ 78 ಮಾತ್ರ. 1972ರ ನಂತರ ಅಂತಹ ಬರವನ್ನು ದೇಶ ಕಂಡಿರಲಿಲ್ಲ. ಸೆನ್ಸೆಕ್ಸ್? ಅದೇ ವರ್ಷ ನೂರಕ್ಕೆ 81ರಷ್ಟು ಏರಿತು.

ಕಾರಣ ಹುಡುಕುವುದು ಕಷ್ಟವಲ್ಲ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೀಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ದಿವಾಳಿಯಾಗಿ, ವಿದೇಶೀ ಹಣ ನಮ್ಮ ಪೇಟೆಯಿಂದ ಓಡಿತು. 2009ರಲ್ಲಿ ಆ ಹಣ ಹಿಂತಿರುಗಿತು. ಚುನಾವಣೆಯ ಫಲಿತಾಂಶದ ಬೆನ್ನಿಗೆ ಮೇ 18ರಂದು ಸೂಚ್ಯಂಕ ಒಂದೇ ದಿನ ನೂರಕ್ಕೆ 17ರಷ್ಟು ಜಿಗಿದು ವಹಿವಾಟನ್ನೇ ನಿಲ್ಲಿಸಬೇಕಾಯಿತು. ದೇಶದಲ್ಲಿ ದುಡಿಯುವ ಕೈಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಕೃಷಿಯಲ್ಲಿವೆ, ನಿಜ. ಆದರೆ ದೇಶದ ಉತ್ಪನ್ನದಲ್ಲಿ ಕೃಷಿಯ ಪಾಲು ಐದನೆಯ ಒಂದಕ್ಕಿಂತ ಕಡಿಮೆ. ಸೆನ್ಸೆಕ್ಸಿನ 30 ಕಂಪೆನಿಗಳಲ್ಲಿ ತೂಕವಿರುವುದು ಬ್ಯಾಂಕು, ಸಾಫ್ಟ್‌ವೇರ್, ತೈಲದ ಕಂಪೆನಿಗಳಿಗೆ. ಟ್ರ್ಯಾಕ್ಟರ್, ಗೊಬ್ಬರ, ಬೈಕ್ ತಯಾರಿಸುವವರ ಷೇರು ಮಳೆಯ ಸುದ್ದಿಗೆ ಅಲುಗುವುದುಂಟು. ಆದರೆ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆ ಕೊಡುವುದು ಏಪ್ರಿಲ್ ನಡುವಿನಲ್ಲಿ. ಅಲುಗುವುದೆಲ್ಲ ಆ ಕ್ಷಣದಲ್ಲೇ ಅಲುಗಿ ಮುಗಿದಿರುತ್ತದೆ. ನಮ್ಮ ಅಂಗಳಕ್ಕೆ ಹನಿ ಬೀಳುವಾಗ ಅದು ಪೇಟೆಗೆ ಹಳಸಿದ ಸುದ್ದಿ.

ಇನ್ನು ಈ 'ಆಪ್ಷನ್' ಎಂದರೇನು? ನಮ್ಮ ಓದುಗರಿಗೆ ಅಡಿಕೆ ಮತ್ತು ಮಲ್ಲಿಗೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಕಂಪೆನಿಯ ಷೇರು ಅಡಿಕೆಯ ಹಾಗೆ. ದರ ಇಲ್ಲವೆಂದರೆ ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಬಹುದು, ಮುಂದಿನ ವರ್ಷ ಹಳತು ಎಂದು ಮಾರಬಹುದು. ಕಾಯಲು ಸಾಧ್ಯವಿದೆ. ಆಪ್ಷನ್ ಎಂಬುದು ಮಲ್ಲಿಗೆ. ಬೆಳಿಗ್ಗೆ ಅಟ್ಟೆಗೆ ಎಷ್ಟೇ ದರವಿರಲಿ, ಸಂಜೆಗೆ ಬಾಡುತ್ತದೆ. ಇದು ಒಂದು ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿಗಾಗಿ ಕೊಡುವ ಸಂಚಕಾರ. ಅದಕ್ಕೊಂದು ಗಡುವಿದೆ, ಹೆಚ್ಚಾಗಿ ಒಂದು ವಾರ. ಗಡುವಿನೊಳಗೆ ನೀವೆಣಿಸಿದ ಕಡೆಗೆ, ಎಣಿಸಿದಷ್ಟು ಬೆಲೆ ಸರಿಯದಿದ್ದರೆ ಸಂಚಕಾರ ಪೂರ್ತಿ ಸೊನ್ನೆ. ಎಣಿಕೆ ಸರಿಯಾಗಿದ್ದು ಎರಡು ದಿನ ತಡವಾದರೂ ಸೊನ್ನೆಯೇ. ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ ಎಂಬ ಕಾರಣಕ್ಕೆ ಚಿಕ್ಕ ಕೈಗಳು ಅತ್ತ ಚಾಚುತ್ತವೆ. ಹೀಗೆ ಕೊಳ್ಳುವವನು ಕಳೆದುಕೊಳ್ಳುವುದು ಕೊಟ್ಟ ಸಂಚಕಾರವನ್ನು. ಆಪ್ಷನ್ ಬರೆದು ಮಾರುವವನ ನಷ್ಟಕ್ಕಾದರೆ ಅಂತಹ ಬೇಲಿಯೂ ಇಲ್ಲ.

ಷೇರು ಪೇಟೆಯನ್ನು ನಿಯಂತ್ರಿಸುವ ಸೆಬಿ ಮಂಡಳಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಅದಕ್ಕೂ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಈ ಫ್ಯೂಚರ್ಸ್, ಆಪ್ಷನ್ ವ್ಯವಹಾರಕ್ಕೆ ಇಳಿದ ಬಿಡಿ ಹೂಡಿಕೆದಾರರು 1 ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ಸರಾಸರಿ ತಲಾ ಸುಮಾರು 2 ಲಕ್ಷ ರೂಪಾಯಿ, ಒಟ್ಟಿನಲ್ಲಿ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ. 2023-24ರಲ್ಲಿ ಇಳಿದವರಲ್ಲಿ ನೂರಕ್ಕೆ 43 ಮಂದಿ ಮೂವತ್ತು ವರ್ಷದೊಳಗಿನವರು. ಕಳಕೊಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಆ ಮೇಲೂ ಬಿಡಲಿಲ್ಲ ಎಂಬುದೇ ನಮ್ಮನ್ನು ಹೆಚ್ಚು ಕಾಡಿದ ಸಾಲು. ಆ ವರ್ಷದ ಕೊನೆಗೆ ಸೆಬಿ ವಾರದ ಗಡುವಿನ ಆಪ್ಷನ್‌ಗಳನ್ನು ಕಡಿಮೆ ಮಾಡಿ, ಒಂದು ವ್ಯವಹಾರದ ಗಾತ್ರವನ್ನೂ ಏರಿಸಿತು. ಬೇಲಿ ಹಾಕಿದ್ದು ಒಳ್ಳೆಯದೇ. ಆದರೆ ದನ ಆಗಲೇ ತೋಟದೊಳಗಿತ್ತು.

ಇಷ್ಟು ಬರೆದ ಮೇಲೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಾವೇನೂ ಬೆಲೆಯ ಆಟದಿಂದ ಹೊರಗಿರುವವರಲ್ಲ. "ಇನ್ನೂ ಹತ್ತು ರೂಪಾಯಿ ಏರಲಿ" ಎಂದು ಅಡಿಕೆ ಇಟ್ಟುಕೊಂಡು ದರ ಕುಸಿದ ಮೇಲೆ ಮಾರಿದ ನೆನಪು ಯಾರಿಗಿಲ್ಲ? ಷೇರು ಎಂಬ ಶಬ್ದವೂ ನಮಗೆ ಹೊಸದಲ್ಲ. ಸೊಸೈಟಿಯ ಷೇರು ಪತ್ರ ಅಜ್ಜನ ಪೆಟ್ಟಿಗೆಯಲ್ಲೂ ಇತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ದರ ಕುಸಿದಾಗ ಎರಡೂ ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದೂ ಷೇರು ಹಣದಿಂದಲೇ. ಒಳ್ಳೆಯ ಕಂಪೆನಿಗಳ ಷೇರನ್ನೋ ಮ್ಯೂಚುವಲ್ ಫಂಡನ್ನೋ ಹತ್ತು ಹದಿನೈದು ವರ್ಷಕ್ಕೆಂದು ಕೊಂಡಿಡುವವರನ್ನು ನಾವು ಜೂಜುಕೋರರೆನ್ನುವುದಿಲ್ಲ. ಮದ್ದಿಗೆ, ಕೂಲಿಗೆ, ಮಕ್ಕಳ ಫೀಸಿಗೆ ಬೇಕಾದ ಹಣ ಅಲ್ಲಿಗೆ ಹೋಗಬಾರದು, ಅಷ್ಟೆ. ಸಾಲದ ಹಣವಂತೂ ಕೂಡದು.

ದಿನದಿನ ನೋಡುವುದರಿಂದಾದರೂ ಲಾಭವಿದೆಯೇ? ಬಾರ್ಬರ್ ಮತ್ತು ಓಡಿಯನ್ ಎಂಬ ಅಮೆರಿಕದ ಇಬ್ಬರು ಪ್ರಾಧ್ಯಾಪಕರು 1991ರಿಂದ 1996ರ ವರೆಗಿನ 66,465 ಕುಟುಂಬಗಳ ಷೇರು ಲೆಕ್ಕ ನೋಡಿದರು. ಪೇಟೆ ವರ್ಷಕ್ಕೆ ನೂರಕ್ಕೆ 17.9 ಕೊಟ್ಟ ಆ ಕಾಲದಲ್ಲಿ, ಅತಿ ಹೆಚ್ಚು ಕೊಂಡು ಮಾರಿದ ಕುಟುಂಬಗಳಿಗೆ ದಕ್ಕಿದ್ದು 11.4. ನಮ್ಮದೇ ಉದಾಹರಣೆ ಬೇಕಾದರೆ, 2024ರ ಜೂನ್ 3ರಂದು ಸೆನ್ಸೆಕ್ಸ್ 76,468ಕ್ಕೆ ಮುಗಿಯಿತು. ಮರುದಿನ ಮತ ಎಣಿಕೆ. 4,390 ಅಂಶ ಬಿತ್ತು. ಎಷ್ಟು ಮನೆಗಳಲ್ಲಿ ಆ ರಾತ್ರಿ ಊಟ ಸೇರಲಿಲ್ಲವೋ! ಶುಕ್ರವಾರ 7ನೇ ತಾರೀಕಿಗೆ ಅದು 76,693. ಆ ವಾರ ತೋಟದಲ್ಲಿ ಚರಂಡಿ ಬಿಡಿಸುತ್ತ ಪೇಟೆಯನ್ನು ನೋಡದೇ ಇದ್ದವನಿಗೆ ಏನೂ ಆಗಿರಲಿಲ್ಲ. ಗಡುವಿನ ಆಪ್ಷನ್ ಹಿಡಿದವನಿಗೆ ಮಂಗಳವಾರವೇ ಎಲ್ಲ ಮುಗಿದಿರಬಹುದು.

ಬಿಸಿಲಿಗೂ ಷೇರಿಗೂ ಸಂಬಂಧವಿದೆಯೇ ಎಂದು ನೋಡಿದವರೂ ಇದ್ದಾರೆ. 26 ದೇಶಗಳ ಪೇಟೆಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪೇಟೆ ಇರುವ ನಗರದಲ್ಲಿ ಬೆಳಿಗ್ಗೆ ಬಿಸಿಲಿದ್ದ ದಿನಗಳಲ್ಲಿ ಷೇರುಗಳು ತುಸು ಮೇಲಿದ್ದವು. ಮೋಡ ಕವಿದಾಗ ಮನುಷ್ಯನ ಮನಸ್ಸೂ ಕವಿಯುತ್ತದೆ, ಬಹುಶಃ ಅಷ್ಟೇ ಕಾರಣ. ಆದರೆ ವ್ಯತ್ಯಾಸ ಎಷ್ಟು ಚಿಕ್ಕದೆಂದರೆ ಅದನ್ನು ನಂಬಿ ಕೊಂಡು ಮಾರಿದರೆ ದಲ್ಲಾಳಿಯ ಕಮಿಷನ್ನಿಗೇ ಲಾಭ ಕರಗುತ್ತದೆ.

ಆರೋಗ್ಯದ ಮಾತಿಗೆ ಬರೋಣ. ಬಂದ ನೂರು ರೂಪಾಯಿಯ ಸಂತೋಷಕ್ಕಿಂತ ಹೋದ ನೂರು ರೂಪಾಯಿಯ ನೋವು ಸುಮಾರು ಎರಡು ಪಟ್ಟು ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ದಿನಕ್ಕೆ ಐವತ್ತು ಸಲ ಬೆಲೆ ನೋಡುವವನು ಐವತ್ತು ಸಲ ಈ ತಕ್ಕಡಿಗೆ ಹತ್ತುತ್ತಾನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಮೂರು ದಶಕಗಳ ಆಸ್ಪತ್ರೆ ದಾಖಲೆಗಳನ್ನು ಷೇರು ಬೆಲೆಯೊಂದಿಗೆ ಹೋಲಿಸಿದಾಗ, ಪೇಟೆ ಜೋರಾಗಿ ಬಿದ್ದಾಗ ಆಸ್ಪತ್ರೆಗೆ ದಾಖಲಾಗುವವರು, ಅದರಲ್ಲೂ ಆತಂಕದಂತಹ ಮಾನಸಿಕ ತೊಂದರೆಯವರು, ಹೆಚ್ಚಾಗುವುದು ಕಂಡುಬಂತು. ನಾವು ಹೇಳಿದ ಹುಡುಗ ರಾತ್ರಿ ಎರಡು ಗಂಟೆಗೆ ಕಂಬಳಿಯೊಳಗೆ ಮೊಬೈಲ್ ಬೆಳಕಿನಲ್ಲಿ ಅಮೆರಿಕದ ಪೇಟೆ ನೋಡುತ್ತಿದ್ದ. ನಿದ್ದೆ ಮೂರು ಗಂಟೆ. ಎದೆ ಡವಡವ. ಊಟದ ಬಟ್ಟಲಿನ ಮುಂದೆ ಸಿಡುಕು. ತಾಯಿ ಪ್ರೇಮದ ವ್ಯವಹಾರವೆಂದು ಎಣಿಸಿ ಸುಮ್ಮನಿದ್ದರಂತೆ!

ಆದ್ದರಿಂದ ಮನೆಯವರು ಗಮನಿಸಬೇಕು. ಯಾರಾದರೂ ಬಳಿಗೆ ಬಂದೊಡನೆ ಮೊಬೈಲ್ ಮಗುಚಿ ಇಡುವುದು, ಬೇರೆಬೇರೆಯವರಲ್ಲಿ ಐದು, ಹತ್ತು ಸಾವಿರದ ಕೈಸಾಲ, ಹಿಂದೆಂದೂ ಕೇಳದವನು ಚಿನ್ನದ ಲೆಕ್ಕ ಕೇಳುವುದು. "ಕಳಕೊಂಡದ್ದು ತಿರುಗಿ ಬರುವ ವರೆಗೆ ಮಾತ್ರ ಎಂದುಕೊಂಡಿದ್ದೆ" ಎಂದ ಅವನು. ಕಳೆದದ್ದನ್ನು ಹಿಂದೆ ತರಲು ಮತ್ತೆ ಆಡುವುದು ಜೂಜಿನ ಚಟದ ದೊಡ್ಡ ಗುರುತು ಎಂದು ವೈದ್ಯರು ಹೇಳುತ್ತಾರೆ. ಬೈಗುಳದಿಂದ ಅದು ಬಿಡುವುದಿಲ್ಲ, ಇನ್ನಷ್ಟು ಗುಟ್ಟಾಗುತ್ತದೆ. ಮೊದಲು ವ್ಯವಹಾರ ನಿಲ್ಲಿಸಿ, ಸಾಲಗಳನ್ನೆಲ್ಲ ಒಂದೇ ಕಾಗದದಲ್ಲಿ ಬರೆಸಿ, ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸುವ ದಾರಿ ನೋಡಬೇಕು. ನಿದ್ದೆಯಿಲ್ಲದೆ, ಬದುಕೇ ಬೇಡವೆಂಬ ಮಾತು ಬಂದರೆ ಒಂದು ದಿನವನ್ನೂ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು. ದುಪ್ಪಟ್ಟು ಮಾಡಿಕೊಡುತ್ತೇವೆ ಎಂದು ಮೊಬೈಲಿನಲ್ಲಿ ನಂಬಿಸಿ ಹಣ ಕಿತ್ತುಕೊಳ್ಳುವವರ ಬಲೆಗೆ ಬಿದ್ದಿದ್ದರೆ ಅದು ಷೇರು ನಷ್ಟವಲ್ಲ, ಕಳವು. ಕೂಡಲೇ 1930ಕ್ಕೆ ತಿಳಿಸಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಬಿಡುತ್ತದೆ.

ಆ ಮನೆಗೆ ನಾವು ಮರುವರ್ಷ ಮೇ ತಿಂಗಳಲ್ಲಿ ಮತ್ತೊಮ್ಮೆ ಹೋಗಿದ್ದೆವು. ಅಂಗಳದಲ್ಲಿ ಡ್ರಮ್ಮಿನ ತುಂಬ ನೀಲಿ ದ್ರಾವಣ ಸಿದ್ಧವಾಗಿತ್ತು. ಮೈಲುತುತ್ತು ತಂದವನು, ಪೈಪು ಹಿಡಿದವನು ಮಗನೇ. ಬ್ಯಾಂಕಿನ ಪಾಸ್ ಪುಸ್ತಕ ಈಗ ತಾಯಿಯ ಕಪಾಟಿನಲ್ಲಿದೆ. ನಾಲ್ಕು ಬಳೆಗಳಲ್ಲಿ ಒಂದನ್ನು ಬಿಡಿಸಿಕೊಂಡಾಗಿದೆ, ಮೂರು ಇನ್ನೂ ಬ್ಯಾಂಕಿನಲ್ಲಿವೆ.