ಜಾಜ್ ನೃತ್ಯ: ಮೊದಲ ಹೆಜ್ಜೆ ಹೇಗೆ?

ನಮ್ಮ ವಾಚನಾಲಯಕ್ಕೆ ಬರುವ ಹುಡುಗಿಯೊಬ್ಬಳು ಈಚೆಗೆ ಕೇಳಿದಳು: "ಅಣ್ಣಾ, ಜಾಜ್ ನೃತ್ಯ ಕಲಿಯಬೇಕೆಂದಿದ್ದೇನೆ. ಅದು ನಮ್ಮಂಥವರದಲ್ಲ, ಹಣವುಳ್ಳವರದು ಎನ್ನುತ್ತಾರೆ ಮನೆಯಲ್ಲಿ. ಹೌದೇ?" ಉತ್ತರ ಹುಡುಕಲು ಹೊರಟು ನಾನೇ ವಿದ್ಯಾರ್ಥಿಯಾದೆ. ಗಿರಣಿಯ ಲೆಕ್ಕಪತ್ರಗಳ ಮೇಲೆ ಬಾಗಿ ಬೆನ್ನು ಬಿಗಿದುಕೊಂಡ ಗುಮಾಸ್ತನಿಗೆ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಈ ನೃತ್ಯದ ಬೇರು ಸಿರಿವಂತರ ದಿವಾನಖಾನೆಯಲ್ಲಿಲ್ಲ. ಗುಲಾಮರಾಗಿ ಅಮೆರಿಕಕ್ಕೆ ಒಯ್ಯಲ್ಪಟ್ಟ ಆಫ್ರಿಕದ ಜನರ ಕುಣಿತದಲ್ಲಿದೆ. ಅದನ್ನು ರಂಗಭೂಮಿಗೂ ಚಲಚ್ಚಿತ್ರಕ್ಕೂ ಅಳವಡಿಸಿದವರಲ್ಲಿ ಪ್ರಮುಖನಾದ ಜಾಕ್ ಕೋಲ್ (1911–1974) ಭರತನಾಟ್ಯವನ್ನು ಅಭ್ಯಸಿಸಿ, ಅದರ ಚಲನೆಗಳನ್ನು ಜಾಜ್ ಲಯಕ್ಕೆ ಹೊಂದಿಸಿದನು. ಹಾಗಾದರೆ ಅದು ನಮಗೆ ತೀರ ಪರಕೀಯವೆನ್ನುವುದೆಂತು? ನಮ್ಮ ಮುಂಬಯಿಯಲ್ಲೂ ಗಿರಣಿ ಕಾರ್ಮಿಕರ ಮಗನಾದ ಭಗವಾನ್ ದಾದಾ 1951ರ 'ಅಲಬೇಲಾ' ಚಿತ್ರದಲ್ಲಿ ಪಾಶ್ಚಾತ್ಯ ಲಯಕ್ಕೆ ಕುಣಿದು ಜನಪ್ರಿಯರಾದರು. ಅದು ಪಾಠಶಾಲೆಯ ಜಾಜ್ ಅಲ್ಲದಿದ್ದರೂ, ಚಾಳಿನವರಿಗೂ ಬರುವ ಹೆಜ್ಜೆಯಾಗಿತ್ತು.

ಇನ್ನು ಕಲಿಯುವ ಕ್ರಮ. ಯಕ್ಷಗಾನದಲ್ಲಿ ಧೀಂಗಿಣಕ್ಕೆ ಮುನ್ನ ತಾಳ ಕಲಿಯಬೇಕಷ್ಟೆ, ಇಲ್ಲಿಯೂ ಹಾಗೆಯೇ. ಒಂದು, ಎರಡು, ಮೂರು, ನಾಲ್ಕು ಎಂದೆಣಿಸುತ್ತ ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆ ತಟ್ಟಿರಿ. ಜಾಜ್ ಸಂಗೀತದ ಒತ್ತು ಸಾಮಾನ್ಯವಾಗಿ ಅಲ್ಲಿ ಬೀಳುತ್ತದೆ. ಕೈಗೆ ಬಂದ ಮೇಲೆ ನಿಂತಲ್ಲೇ ನಡೆಯಿರಿ.

ಎರಡನೆಯದು ಬಿಡಿ ಚಲನೆ. ಪಾದಗಳನ್ನು ಸ್ವಲ್ಪ ಅಗಲಿಸಿ, ಮೊಣಕಾಲು ತುಸು ಮಡಿಸಿ ನಿಲ್ಲಿ. ತಲೆ ಮಾತ್ರ ತಿರುಗಲಿ, ಭುಜ ಅಲುಗದಿರಲಿ. ಅನಂತರ ಭುಜ ಮಾತ್ರ, ಬಳಿಕ ಎದೆಗೂಡು, ಕೊನೆಗೆ ಸೊಂಟ. ಒಂದು ಅಂಗ ಆಡುವಾಗ ಉಳಿದವು ಸುಮ್ಮನಿರಬೇಕು. ಜಾಜ್ ನೃತ್ಯದ ಅಕ್ಷರಮಾಲೆಯೇ ಇದು. ಕನ್ನಡಿ ಇದ್ದರೆ ಸಾಕು, ಖೋಲಿಯ ನಾಲ್ಕಡಿ ಜಾಗ ಧಾರಾಳ.

ಮೂರನೆಯದು 'ಜಾಜ್ ಚೌಕ'. ಬಲಗಾಲನ್ನು ಎಡಗಾಲಿನ ಮುಂದೆ ಅಡ್ಡವಿಡಿ; ಎಡಗಾಲು ಹಿಂದಕ್ಕೆ; ಬಲಗಾಲು ಪಕ್ಕಕ್ಕೆ; ಎಡಗಾಲು ಮುಂದಕ್ಕೆ. ನಾಲ್ಕೆಣಿಕೆಗೆ ನಾಲ್ಕು ಹೆಜ್ಜೆ.

ಒಂದು ಎಚ್ಚರಿಕೆ. ಮೈ ಬೆಚ್ಚಗಾಗಿಸದೆ ಕಾಲೆತ್ತಿ ಒದೆಯುವುದೂ ಜಿಗಿಯುವುದೂ ಸಲ್ಲದು. ಫೋನಿನಲ್ಲಿ ನೋಡಿ ನಾನು ಮೊದಲ ದಿನವೇ ಒದೆಯಲು ಹೋಗಿ ತೊಡೆಯ ಸ್ನಾಯು ಹಿಡಿದುಕೊಂಡಿತು. ಎರಡು ವಾರ ಸ್ಟೇಷನ್ನಿನ ಸೇತುವೆ ಹತ್ತುವಾಗ ಪ್ರತಿ ಮೆಟ್ಟಿಲೂ ಬುದ್ಧಿ ಹೇಳಿತು. ನುಣುಪು ನೆಲದ ಮೇಲೆ ಕಾಲುಚೀಲ ತೊಟ್ಟು ಕುಣಿಯಬೇಡಿ.

ವಯಸ್ಸಾಯಿತೆಂದು ಅಳುಕುವವರು ಲುಯಿಜಿ ಎಂಬ ಅಮೆರಿಕದ ನರ್ತಕನನ್ನು ನೆನೆಯಲಿ. 1946ರ ಕಾರು ಅಪಘಾತದಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಅವನು ತನ್ನ ದೇಹ ಚೇತರಿಸಲೆಂದು ರೂಪಿಸಿಕೊಂಡ ಅಭ್ಯಾಸಗಳೇ ಮುಂದೆ ಜಾಜ್ ಶಿಕ್ಷಣದ ಪ್ರಸಿದ್ಧ ಪದ್ಧತಿಯಾದವು.

ಗುರುವನ್ನು ಆರಿಸುವಾಗ ಮೊದಲು ಒಂದು ತರಗತಿಯನ್ನು ಕುಳಿತು ನೋಡಿ. ಹಿಂದುಳಿದವನನ್ನು ನಗದೆ ತಿದ್ದುವ ಗುರುವಾದರೆ ಸೇರಿಕೊಳ್ಳಿ. ಆದರೂ ವರ್ಷದ ಶುಲ್ಕ ಒಮ್ಮೆಲೇ ಕೊಡಬೇಡಿ. ಆ ಹುಡುಗಿಗೆ ಇಷ್ಟನ್ನೇ ಹೇಳಿದೆ: "ಇಂದು ಮನೆಗೆ ಹೋಗಿ ತಾಳ ಹಾಕು, ತಂಗಿ. ಅದಕ್ಕೆ ಶುಲ್ಕವಿಲ್ಲ."