ಕೊಳವೆ ಬಾವಿ ಹೇಳುವ ನೆಲದ ಕಥೆ

ಜಯನಗರದ ನೆರೆಯ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು ಏರದ ಬೆಂಗಳೂರಿಗರು ವಿರಳ. ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಈ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರು. ಅಲ್ಲಿ ಬಯಲಾಗಿ ಕಾಣುವ ಶಿಲೆಯೇ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮನೆಗಳ ಅಡಿಯಲ್ಲಿಯೂ ಹಬ್ಬಿದೆ. ಕಣ್ಣಿಗೆ ಕಾಣದ ಆ ಶಿಲೆಯ ಸ್ವರೂಪವನ್ನು ಅರಿಯುವ ಬಗೆ ಹೇಗೆ?

ಕೊಳವೆ ಬಾವಿಯೇ ಅದಕ್ಕೆ ಕಿಟಕಿ. ಬಾವಿ ಕೊರೆಯುವಾಗ ಮೊದಲು ಕೆಂಪುಮಣ್ಣು, ಅನಂತರ ಶಿಥಿಲಗೊಂಡ ಕಲ್ಲು, ಅದರಡಿ ಗಟ್ಟಿ ಬಂಡೆ ದೊರೆಯುತ್ತವೆ. ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಎಷ್ಟು ಅಡಿಗೆ ಯಾವ ಬಣ್ಣದ ಕಲ್ಲುಪುಡಿ ಬಂದಿತು, ಕೊರೆಯುವ ವೇಗ ಎಲ್ಲಿ ಹೆಚ್ಚಿತು, ನೀರು ಎಲ್ಲಿ ಚಿಮ್ಮಿತು ಎಂಬುದನ್ನು ಬರೆದಿಟ್ಟರೆ ಅದೇ ಬಾವಿಯ ದಾಖಲೆ.

ಇದಕ್ಕೂ ಸೂಕ್ಷ್ಮವಾದ ವಿಧಾನವೊಂದುಂಟು. 1927ರಲ್ಲಿ ಫ್ರಾನ್ಸಿನ ಪೆಷೆಲ್‌ಬ್ರಾನ್ ತೈಲಕ್ಷೇತ್ರದಲ್ಲಿ ಶ್ಲುಂಬರ್ಜೆ ಸೋದರರ ತಂಡ ಬಾವಿಯೊಳಗೆ ಉಪಕರಣವನ್ನಿಳಿಸಿ ಶಿಲೆಗಳ ವಿದ್ಯುತ್ ರೋಧವನ್ನು ಅಳೆಯಿತು. ಬಿರುಕಿಲ್ಲದ ನೈಸ್ ಶಿಲೆಯ ರೋಧ ಬಹಳ ಹೆಚ್ಚು. ನೀರು ತುಂಬಿದ ಬಿರುಕಿನ ಬಳಿ ಅದು ಥಟ್ಟನೆ ಇಳಿಯುತ್ತದೆ. ಗಾಮಾ ಕಿರಣಗಳ ಮಾಪನ ಶಿಲೆಯ ಜಾತಿಯನ್ನು ಸೂಚಿಸುತ್ತದೆ. ಪೊಟ್ಯಾಸಿಯಮ್ ಹೆಚ್ಚಾಗಿರುವ ಗ್ರಾನೈಟು ಹೆಚ್ಚು ಕಿರಣಗಳನ್ನೂ, ನೈಸನ್ನು ಸೀಳಿ ಬಂದ ಕಪ್ಪು ಡಾಲರೈಟು ಕಡಿಮೆ ಕಿರಣಗಳನ್ನೂ ಹೊಮ್ಮಿಸುತ್ತವೆ. ಆದರೆ ಒಂದೇ ರೇಖೆಯನ್ನು ನಂಬುವುದು ಸಲ್ಲದು. ಜೇಡಿ ತುಂಬಿದ ಬಿರುಕೂ ರೋಧವನ್ನು ತಗ್ಗಿಸಬಲ್ಲದು. ಆದಕಾರಣ ಯಂತ್ರದ ರೇಖೆಯನ್ನು ಕೊರೆದವರ ಬರಹದೊಡನೆ ಹೋಲಿಸಿ ನೋಡಬೇಕು.

ಕೊರೆಯಿಸಿದ ಬಾವಿಯಲ್ಲಿ ನೀರು ಬಾರದಿದ್ದರೆ ಮನೆಯವರು ಹಣ ಹೋಯಿತೆಂದು ನೊಂದು, ಬಾವಿಯನ್ನು ಮುಚ್ಚಿ ಮರೆತುಬಿಡುವುದುಂಟು. ದಾಖಲೆಯಿಲ್ಲದಿದ್ದರೆ ಪಕ್ಕದ ಮನೆಯವರೂ ಅದೇ ಬಂಡೆಗೆ ಅಷ್ಟೇ ಹಣ ಸುರಿದಾರು. ಆದರೆ ಒಣಬಾವಿಯ ದಾಖಲೆಯೂ ಜ್ಞಾನವೇ. ಬಿರುಕು ಇಲ್ಲಿಲ್ಲ ಎಂಬುದನ್ನು ಅದು ತಿಳಿಸುತ್ತದೆ. ಹತ್ತಾರು ಬಾವಿಗಳ ದಾಖಲೆಗಳನ್ನು ಜೋಡಿಸಿದಾಗ ಒಂದು ಬಡಾವಣೆಯ ಅಡಿಯ ನಕ್ಷೆಯೇ ಮೂಡುತ್ತದೆ. ಮಳೆನೀರನ್ನು ಎಲ್ಲಿ ಇಂಗಿಸಬಹುದೆಂಬುದಕ್ಕೂ ಆ ನಕ್ಷೆ ದಾರಿ ತೋರುತ್ತದೆ.

2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆ ಬಾವಿಗಳು ಬತ್ತಿದವು. ಇನ್ನೂ ಆಳಕ್ಕೆ ಕೊರೆಯುವ ಮುನ್ನ, ಕೊರೆದ ಬಾವಿಗಳು ಹೇಳಿದುದನ್ನು ಬರೆದಿಟ್ಟುಕೊಳ್ಳುವುದು ವಿವೇಕ. ನೀರು ಬತ್ತಬಹುದು, ಬರೆದಿಟ್ಟ ಅರಿವು ಬತ್ತದು.